ಅಳತೆ ರವಿಕೆ

ನಮ್ಮ ಹೆಂಗಸರ ಬೀರುವಿನಲ್ಲಿ ಯಾರೂ ತೊಡದ, ಯಾರಿಗೂ ಕೊಡದ, ಎಸೆಯಲೂ ಮನಸ್ಸು ಬಾರದ ಒಂದು ರವಿಕೆ ಇರುತ್ತದೆ. ಅದರ ಬಣ್ಣ ಹೋಗಿರುತ್ತದೆ, ಕಂಕುಳಲ್ಲಿ ಬೆವರಿನ ಕಲೆ ಕೂತಿರುತ್ತದೆ, ಮೇಲಿನಿಂದ ಎರಡನೆಯ ಹುಕ್ಕು ಕಿತ್ತುಹೋಗಿರುತ್ತದೆ. ಆದರೂ ಮನೆಗೆ ಹೊಸ ಸೀರೆ ಬಂದಾಗಲೆಲ್ಲ ಮೊದಲು ಹುಡುಕುವುದು ಅದನ್ನೇ. ಅದು ಅಳತೆ ರವಿಕೆ. ಹೊಸ ಕಣದ ಜೊತೆ ಅದನ್ನೂ ಸುತ್ತಿ ಟೈಲರ್ ಕೈಗೆ ಕೊಟ್ಟು, "ಇದೇ ಅಳತೆ, ತೋಳು ಮಾತ್ರ ಅರ್ಧ ಇಂಚು ಉದ್ದ, ಸೊಂಟದ ಹತ್ತಿರ ಸ್ವಲ್ಪ ಸಡಿಲ, ಕತ್ತು ಇಷ್ಟು ಇಳಿಯೋದು ಬೇಡ" ಎಂದು ಹೇಳಿ ಬರುತ್ತೇವೆ. ಇದೇ ಅಳತೆ, ಆದರೆ ಇದರಲ್ಲಿರುವ ಯಾವುದೂ ಬೇಡ ಎಂದಂತಾಯಿತು. ಹಾಗಿದ್ದರೂ ಅದಿಲ್ಲದೆ ಟೈಲರ್ ಅಂಗಡಿಗೆ ಹೋಗುವುದೆಂದರೆ ಜಾತಕವಿಲ್ಲದೆ ಹೆಣ್ಣು ಕೇಳಲು ಹೋದ ಹಾಗೆ.

ನನ್ನ ಅಳತೆ ರವಿಕೆಗೆ ನನ್ನ ನೌಕರಿಯಷ್ಟೇ ವಯಸ್ಸು. 1994ರಲ್ಲಿ ಪಾವಗಡ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಸಮಾಜ ವಿಜ್ಞಾನದ ಟೀಚರಾಗಿ ಸೇರಿದ ದಿನ ತೊಟ್ಟಿದ್ದ ತಿಳಿನೀಲಿ ಹತ್ತಿಯ ರವಿಕೆ ಅದು. ಆಮೇಲೆ ಶಿರಾ, ಅದಾದ ಮೇಲೆ ಕೊರಟಗೆರೆ, ಈಗ ಮಧುಗಿರಿ. ನಮ್ಮ ತುಮಕೂರು ಜಿಲ್ಲೆ ಕಂದಾಯದ ಲೆಕ್ಕಕ್ಕೆ ಒಂದಾದರೂ ಶಾಲೆಗಳ ಲೆಕ್ಕಕ್ಕೆ ಎರಡು. ಈ ನಾಲ್ಕು ತಾಲ್ಲೂಕುಗಳು ಸೇರಿದರೆ ಮಧುಗಿರಿ ಶೈಕ್ಷಣಿಕ ಜಿಲ್ಲೆ. ವರ್ಗವಾಗಿ ಹೊಸ ಊರಿಗೆ ಹೋದ ಟೀಚರಮ್ಮ ಹುಡುಕಬೇಕಾದದ್ದು ಮೂರು: ಬಾಡಿಗೆ ಮನೆ, ಹಾಲಿನವರು, ರವಿಕೆ ಹೊಲಿಯುವವರು. ಮೊದಲ ಎರಡು ಒಂದು ವಾರದಲ್ಲಿ ಸಿಗುತ್ತವೆ. ಮೂರನೆಯದಕ್ಕೆ ವರ್ಷ ಹಿಡಿಯುತ್ತದೆ, ಅಷ್ಟರಲ್ಲಿ ಮೂರು ನಾಲ್ಕು ಕಣ ಹಾಳಾಗಿರುತ್ತವೆ.

ಪಾವಗಡಕ್ಕೆ ಮೂರು ಕಡೆಯೂ ಆಂಧ್ರ. ಅಲ್ಲಿನ ಟೈಲರ್ ಅಳತೆಯನ್ನು ತೆಲುಗಿನಲ್ಲಿ ಬರೆದುಕೊಳ್ಳುತ್ತಿದ್ದ. ನನಗೆ ಅದು ಓದಲು ಬಾರದ್ದರಿಂದ ರವಿಕೆ ಹೇಗೆ ಬಂದರೂ ಅವನ ಮಾತೇ ಸರಿ. ಶಿರಾದ ಸಾಹೇಬರು ಹೆಣ್ಣುಮಕ್ಕಳ ಮೈಗೆ ಟೇಪು ಹಿಡಿಯುವುದು ತಮ್ಮ ಕೆಲಸವಲ್ಲವೆಂದು ಅಳತೆ ರವಿಕೆಯನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ನಯಮಾಡಿ, ಅದನ್ನೇ ಅಳೆಯುತ್ತಿದ್ದರು. ಕೊರಟಗೆರೆಯಾಕೆ ಚೆನ್ನಾಗಿ ಹೊಲಿಯುತ್ತಿದ್ದರು, ಆದರೆ ಗೊರವನಹಳ್ಳಿ ಲಕ್ಷ್ಮಿಗೆ ಹರಕೆ ಹೊತ್ತರೂ ಹೇಳಿದ ದಿನಕ್ಕೆ ಕೊಡುತ್ತಿರಲಿಲ್ಲ. ಮಧುಗಿರಿಯಲ್ಲಿ ಹನ್ನೆರಡು ವರ್ಷದಿಂದ ಒಬ್ಬರೇ. ಮನೆಯ ಪಡಸಾಲೆಯಲ್ಲಿ ಮಿಷನ್ ಇಟ್ಟುಕೊಂಡಿರುವ ಹೆಣ್ಣುಮಗಳು. ನಾನು ಅವರನ್ನು ಟೈಲರಮ್ಮ ಎನ್ನುತ್ತೇನೆ, ಅವರು ನನ್ನನ್ನು ಮಿಸ್ಸು ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ಅವರು ಹೊಲಿದ ಒಂದು ರವಿಕೆಯನ್ನೂ ನಾನು ಬಿಚ್ಚಿಸಿದ್ದಿಲ್ಲ. ಇದಕ್ಕೆಲ್ಲ ನನ್ನ ಅಳತೆ ರವಿಕೆಯೇ ಕಾರಣವೆಂದು ನಾನು ನಂಬಿದ್ದೆ.

ಈ ನಂಬಿಕೆಗೆ ಪೆಟ್ಟು ಬಿದ್ದದ್ದು ಕಳೆದ ಬೇಸಿಗೆ ರಜೆಯಲ್ಲಿ, ನನ್ನ ತಂಗಿಯ ಮಗಳು ಕಂಪ್ಯೂಟರ್ ಹೊತ್ತುಕೊಂಡು ಬಂದಾಗ.

ಅದನ್ನು ಹೇಳುವ ಮೊದಲು ತಂಗಿಯ ವಿಷಯ ಹೇಳಬೇಕು. ಅವಳು ನನಗಿಂತ ಆರು ವರ್ಷ ಚಿಕ್ಕವಳು. ನಮ್ಮದು ಕೊರಟಗೆರೆ ಕಡೆಯ ಹಳ್ಳಿ. ಅಪ್ಪನಿಗಿದ್ದದ್ದು ಮಳೆಯನ್ನೇ ನಂಬಿದ ಎರಡು ಎಕರೆ ಕಡಲೆಕಾಯಿ ಹೊಲ. ನಾನು ಬಿ.ಎ. ಮುಗಿಸಿ ಬಿ.ಎಡ್. ಸೇರಬೇಕೆಂದ ವರ್ಷವೇ ಅವಳು ಎಸ್ಸೆಸ್ಸೆಲ್ಸಿ ಪಾಸಾದಳು. ಅಪ್ಪ, "ಒಬ್ಬಳನ್ನ ಓದಿಸಬಹುದು" ಎಂದರು. ಯಾರನ್ನ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಾನು ತುಮಕೂರಿಗೆ ಹೋದೆ, ಅವಳು ಹೊಲಿಗೆ ಕಲಿಯಲು ಹೋದಳು. ನೌಕರಿಯ ಮೊದಲ ದಿನ ನಾನು ತೊಟ್ಟ ಆ ತಿಳಿನೀಲಿ ರವಿಕೆಯನ್ನು ಹೊಲಿದವಳು ಅವಳೇ.

ಮದುವೆಯಾಗಿ ಅವಳು ಬೆಂಗಳೂರಿನ ಲಗ್ಗೆರೆಗೆ ಹೋದಳು. ಮಗಳು ನಡೆಯಲು ಕಲಿತ ಮೇಲೆ ಪೀಣ್ಯದ ಕಡೆಯ ಒಂದು ಗಾರ್ಮೆಂಟ್ಸ್ ಸೇರಿದಳು. ಗಾರ್ಮೆಂಟ್ಸ್ ಎಂದರೆ ಅಲ್ಲಿ ಎಲ್ಲರೂ ಬಟ್ಟೆ ಹೊಲಿಯುತ್ತಾರೆಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಒಂದು ಷರ್ಟನ್ನು ಹತ್ತಾರು ತುಂಡು ಕೆಲಸಗಳಾಗಿ ಒಡೆದು ಸಾಲಾಗಿ ಕೂತವರಿಗೆ ಹಂಚುತ್ತಾರೆ. ಕಾಲರ್ ಮಾಡುವವಳು ದಿನವೆಲ್ಲ ಕಾಲರ್, ಕಫ್ ಮಾಡುವವಳು ದಿನವೆಲ್ಲ ಕಫ್. ಗಂಟೆಗೆ ಇಷ್ಟು ಎಂದು ಲೆಕ್ಕ. ಹತ್ತು ವರ್ಷ ದುಡಿದವಳೂ ಒಂದು ಇಡೀ ಷರ್ಟ್ ಹೊಲಿಯದೆ ಇರಬಹುದು. ತಂಗಿ ಏಳು ವರ್ಷ ಹಾಗೆ ಬರೀ ತೋಳು ಕೂಡಿಸಿದಳು. ಆಮೇಲೆ ಅವಳ ಕೈ ನೋಡಿ ಸ್ಯಾಂಪಲ್ ವಿಭಾಗಕ್ಕೆ ಹಾಕಿದರು.

ಸ್ಯಾಂಪಲ್ ಟೈಲರ್ ಎಂದರೆ ಗಾರ್ಮೆಂಟ್ಸಿನಲ್ಲಿ ಒಂದು ಗೌರವ. ಹೊರದೇಶದ ಕಂಪನಿ ಒಂದು ಚಿತ್ರ, ಒಂದು ಅಳತೆ ಪಟ್ಟಿ ಕಳಿಸುತ್ತದೆ. ಅದನ್ನು ನೋಡಿ ಇಡೀ ಬಟ್ಟೆಯನ್ನು ಮೊದಲ ಸಲ ಹೊಲಿಯುವವಳು ಇವಳು. ಮೊದಲು ಪ್ರೋಟೊ ಸ್ಯಾಂಪಲ್. ಅದು ಕೊರಿಯರಿನಲ್ಲಿ ವಿಮಾನ ಹತ್ತಿ ಹೋಗುತ್ತದೆ. ಅಲ್ಲಿ ಒಬ್ಬಾಕೆಗೆ ತೊಡಿಸಿ ನೋಡಿ, ಭುಜ ಕಾಲು ಇಂಚು ಕಡಿಮೆ ಮಾಡಿ, ಜೇಬು ಮೇಲೆತ್ತಿ ಎಂದು ಬರೆಯುತ್ತಾರೆ. ಮತ್ತೆ ಹೊಲಿಯಬೇಕು; ಅದು ಫಿಟ್ ಸ್ಯಾಂಪಲ್. ಆಮೇಲೆ ಎಲ್ಲ ಸೈಜುಗಳಲ್ಲಿ ಒಂದೊಂದು. ಕೊನೆಗೆ, ಇದೇ ರೀತಿ ಸಾವಿರಗಟ್ಟಲೆ ಹೊಲಿಯುತ್ತೇವೆ ಎಂದು ಒಪ್ಪಿಗೆಗೆ ಕಳಿಸುವ ಪಿ.ಪಿ. ಸ್ಯಾಂಪಲ್. ಅಂದರೆ ನಮ್ಮ ಅಳತೆ ರವಿಕೆಯೇ ಅಲ್ಲಿ ನಾಲ್ಕು ಅವತಾರ ಎತ್ತಿದಂತೆ. "ಅಂಗಡೀಲಿ ಸಾವಿರ ರೂಪಾಯಿಗೆ ತೂಗುಹಾಕಿರೋ ಷರ್ಟ್ ಇದೆಯಲ್ಲಕ್ಕ, ಅದರ ತಾಯಿ ನನ್ನ ಕೈಯಲ್ಲಿ ಹುಟ್ಟಿರ್ತಾಳೆ" ಎಂದು ಒಮ್ಮೆ ಹೇಳಿದ್ದಳು. ಅವಳು ಜಂಬ ಕೊಚ್ಚಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯುವ ನಿಯಮ ಬದಲಿಸಿದರೆಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆದಾಗ, ಆ ಗುಂಪಿನಲ್ಲಿ ಇವಳೂ ಇದ್ದಳು. ಅದನ್ನು ಮಾತ್ರ ನನಗೆ ಹೇಳಿರಲಿಲ್ಲ, ಮಗಳು ಹೇಳಿದ್ದು.

ಆ ಮಗಳು, ನಮ್ಮ ಪುಟ್ಟಿ, ಫ್ಯಾಷನ್ ಡಿಸೈನ್ ಡಿಪ್ಲೊಮಾ ಓದಿದಳು. ಫೀಸು ತಾಯಿಯ ಓವರ್‌ಟೈಮಿನಿಂದ ಬಂತು. ಈಗ ಬೇರೊಂದು ಕಂಪನಿಯಲ್ಲಿದ್ದಾಳೆ. ಅವಳ ಕೆಲಸದಲ್ಲಿ ಸೂಜಿಯಿಲ್ಲ, ದಾರವಿಲ್ಲ, ಬಟ್ಟೆಯೂ ಇಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಬಟ್ಟೆ ಹೊಲಿಯುತ್ತಾಳೆ.

ಮೇ ತಿಂಗಳಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗಳ ಮದುವೆಯಿತ್ತು. ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆ ರೇಷ್ಮೆ ಸೀರೆಗೆ ಹೆಸರಾದ ಊರು. ಹಳೆಯ ಪರಿಚಯದ ಮಗ್ಗದವರ ಮನೆಗೆ ಹೋಗಿ ನನಗೂ ತಂಗಿಗೂ ಒಂದೇ ಬಣ್ಣದ ಎರಡು ಸೀರೆ ತಂದಿದ್ದೆ. ಮೆಂತ್ಯದ ಬಣ್ಣದ ಮೈ, ಕುಂಕುಮದ ಬಣ್ಣದ ಜರಿ ಅಂಚು. ಸೀರೆಯಲ್ಲೇ ನೇಯ್ದ ಕಣ. ನಾನು ಕಣ ಕತ್ತರಿಸಿ ಅಳತೆ ರವಿಕೆ ಹುಡುಕುತ್ತಿದ್ದಾಗ ಪುಟ್ಟಿ ನಕ್ಕಳು.

"ದೊಡ್ಡಮ್ಮ, ಇನ್ನೂ ಇದನ್ನೇ ಹೊತ್ಕೊಂಡು ಹೋಗ್ತೀರಾ? ನಾನು ಕಂಪ್ಯೂಟರಲ್ಲಿ ಹೊಲಿದು ತೋರಿಸ್ತೀನಿ ಬನ್ನಿ."

ತಂಗಿ ಅಡುಗೆಮನೆಯಿಂದಲೇ, "ಹಂಗಾದ್ರೆ ಪಂದ್ಯ. ಅಕ್ಕನ ಕಣ ಟೈಲರಮ್ಮ ಹೊಲೀಲಿ. ನನ್ನ ಕಣದಲ್ಲೂ ಅಕ್ಕನಿಗೇ ಒಂದು, ನಿನ್ನ ಕಂಪ್ಯೂಟರ್ ಕೊಟ್ಟ ಕಟಿಂಗ್‌ನಲ್ಲಿ ನಾನು ಹೊಲೀತೀನಿ. ಯಾವುದು ಸರಿ ಬರತ್ತೋ ನೋಡೋಣ" ಎಂದಳು. ನಾನು ಸಂಭ್ರಮದಿಂದ ಒಪ್ಪಿದೆ.

ಪುಟ್ಟಿ ಇಂಚು ಟೇಪು ಹಿಡಿದು ಅಳತೆಗೆ ನಿಂತಳು. ನಾನು ಹೊಟ್ಟೆ ಒಳಗೆಳೆದುಕೊಂಡೆ. "ಉಸಿರು ಬಿಡಿ ದೊಡ್ಡಮ್ಮ" ಎಂದಳು. ಬಿಟ್ಟೆ, ಆದರೆ ಪೂರ್ತಿ ಬಿಡಲಿಲ್ಲ. ಬೆನ್ನಿನ ಅಗಲ, ಎಡಭುಜ, ಎಡತೋಳು ಅಳೆದಳು. "ಬಲಗಡೆ?" ಎಂದೆ. "ಬಲಗಡೆ ತಾನಾಗಿ ಬರತ್ತೆ, ಕನ್ನಡಿ ಥರ" ಎಂದಳು.

ಆ ರಾತ್ರಿ ಪರದೆಯ ಮೇಲೆ ನಾನು ಹುಟ್ಟಿದೆ. ಅಳತೆ ನನ್ನದು, ಆದರೆ ಮುಖ ಯಾವುದೋ ಹೊರದೇಶದ ಹುಡುಗಿಯದು, ಚರ್ಮ ಪಿಂಗಾಣಿಯದು. ಐವತ್ತಾರರ ಟೀಚರಮ್ಮನ ಕೊರಳ ಮೇಲೆ ಇಪ್ಪತ್ತರ ಮುಖ ಕೂರಿಸಿದರೆ ಯಾರಿಗೆ ಸಂತೋಷವಾಗುವುದಿಲ್ಲ? ಪಕ್ಕದಲ್ಲಿ ರವಿಕೆಯ ತುಂಡುಗಳು ಕಾಗದದಂತೆ ಹರಡಿದ್ದವು. ಮುಂಭಾಗ, ಬೆನ್ನು, ತೋಳು. ಇದರ ಅಂಚಿಗೆ ಅದರ ಅಂಚು ಎಂದು ಗೆರೆ ಎಳೆದು ತೋರಿಸಿ ಒಂದು ಗುಂಡಿ ಒತ್ತಿದಳು. ತುಂಡುಗಳು ಗಾಳಿಯಲ್ಲಿ ಹಾರಿಬಂದು ಆ ಹುಡುಗಿಯ ಮೈಗೆ ಅಂಟಿ, ಒಮ್ಮೆ ನಡುಗಿ, ಸುಮ್ಮನಾದವು. ಒಂದು ಸುಕ್ಕಿಲ್ಲ. ಟೈಲರಮ್ಮ ಕೊಟ್ಟ ಗಡುವು ಹನ್ನೊಂದು ದಿನ; ಇದಕ್ಕೆ ಹಿಡಿದದ್ದು ಒಂದು ಸಂಜೆ.

ಇದು ಹೇಗೆ ನಡೆಯುತ್ತದೆಂದು ಅವಳೇ ವಿವರಿಸಿದಳು. ಕಂಪ್ಯೂಟರ್ ಬಟ್ಟೆಯನ್ನು ಸಣ್ಣ ಸಣ್ಣ ತ್ರಿಕೋನಗಳ ಬಲೆಯೆಂದು ಭಾವಿಸುತ್ತದಂತೆ. ಪ್ರತಿಯೊಂದಕ್ಕೂ ಇಷ್ಟು ತೂಕ, ಎಳೆದರೆ ಇಷ್ಟು ಹಿಗ್ಗು, ಮಡಿಸಿದರೆ ಇಷ್ಟು ಬಾಗು ಎಂದು ಲೆಕ್ಕ. ಎಲ್ಲ ತ್ರಿಕೋನಗಳೂ ಒಂದನ್ನೊಂದು ಎಳೆದಾಡಿ ಎಲ್ಲಿ ನಿಲ್ಲುತ್ತವೋ ಅದೇ ಬಟ್ಟೆಯ ನೆರಿಗೆ. ಈ ಲೆಕ್ಕವನ್ನು ಬೇಗ ಮಾಡುವ ಒಂದು ದಾರಿಯನ್ನು 1998ರಲ್ಲಿ ಡೇವಿಡ್ ಬರಾಫ್, ಆಂಡ್ರ್ಯೂ ವಿಟ್ಕಿನ್ ಎಂಬ ಇಬ್ಬರು ಅಮೆರಿಕದಲ್ಲಿ ತೋರಿಸಿದರು. ಅವಳು ಬಳಸುವ 'ಕ್ಲೊ' ಎಂಬುದನ್ನು ಮಾಡಿದ ಕಂಪನಿ 2009ರಲ್ಲಿ ದಕ್ಷಿಣ ಕೊರಿಯಾದಲ್ಲಿ ಶುರುವಾದದ್ದು. ಅದಕ್ಕೂ ಮುಂಚೆ, 1970ರ ದಶಕದಲ್ಲಿ, ಜಪಾನಿನ ಕವಾಬಾತ ಎಂಬ ಪ್ರೊಫೆಸರು ಬಟ್ಟೆಯನ್ನು ಮುಟ್ಟಿದಾಗ ಕೈಗೆ ತಿಳಿಯುವ ಗುಣವನ್ನೇ ಅಳೆಯುವ ಯಂತ್ರಗಳನ್ನು ಮಾಡಿದ್ದರು: ಎಳೆತ, ಬಾಗು, ಒತ್ತಿದರೆ ತಗ್ಗುವುದು, ಮೇಲ್ಮೈಯ ಒರಟು. ನಮ್ಮಮ್ಮ ಸಂತೆಯಲ್ಲಿ ಹೆಬ್ಬೆರಳು ತೋರುಬೆರಳಿನ ನಡುವೆ ಸೆರಗು ಉಜ್ಜಿ, "ಇದು ಎರಡು ಒಗೆತಕ್ಕೆ ಸಾಯತ್ತೆ" ಎನ್ನುತ್ತಿದ್ದುದು ನೆನಪಾಯಿತು. ಆ ಎರಡು ಬೆರಳಿನ ವಿದ್ಯೆಯನ್ನು ಅಂಕಿ ಮಾಡಲು ಒಬ್ಬ ಪ್ರೊಫೆಸರು ಬೇಕಾಯಿತು.

ಅವಳ ಪಟ್ಟಿಯಲ್ಲಿ ಡೆನಿಮ್ ಇತ್ತು, ಲಿನನ್ ಇತ್ತು, ಬಗೆಬಗೆಯ ರೇಷ್ಮೆ ಇತ್ತು. "ನಮ್ಮ ಶಿರಾ ಕಡೆ ಕಂಬಳಿ ಇದೆಯೇನೆ?" ಎಂದೆ. ಹುಣಸೆಬೀಜದ ಗಂಜಿ ಹಾಕಿದ ಹೊಸ ಕಂಬಳಿ ನಿಲ್ಲಿಸಿದರೆ ಒಬ್ಬ ಮನುಷ್ಯನಂತೆ ನಿಲ್ಲುತ್ತದೆ. ಇಲ್ಲವೆಂದಳು. ಜರಿ ಅಂಚು ಇರುವ ರೇಷ್ಮೆಯೂ ಇರಲಿಲ್ಲ. ಹತ್ತಿರದ ಒಂದು ರೇಷ್ಮೆ ಆರಿಸಿ, ನಮ್ಮ ಅಂಚಿನ ಫೋಟೊ ತೆಗೆದು ತೋಳಿನ ಮೇಲೆ ಅಂಟಿಸಿದಳು. ನೋಡಲು ಥೇಟು ನಮ್ಮ ಹೊಸಕೋಟೆಯ ಅಂಚೇ.

ಮರುದಿನ ಕಟಿಂಗನ್ನು ಹಾಳೆಗಳ ಮೇಲೆ ಅಚ್ಚು ಹಾಕಿಸಿ, ಅಂಟಿಸಿ, ತಾಯಿಗೆ ಕೊಟ್ಟಳು. ತಂಗಿ ಮೊದಲು ಲೈನಿಂಗ್ ಬಟ್ಟೆಯನ್ನು ನೀರಲ್ಲಿ ನೆನೆಹಾಕಿದಳು. "ಯಾಕಮ್ಮ?" ಎಂದಳು ಮಗಳು. "ಆಮೇಲೆ ಕುಗ್ಗಿ ರೇಷ್ಮೆನ ಎಳೀಬಾರದಲ್ಲ." ಒಣಗಿದ ಮೇಲೆ ಇಸ್ತ್ರಿ ಮಾಡಿ, ಕಾಗದ ಇಟ್ಟು, ಸೀಮೆಸುಣ್ಣದಲ್ಲಿ ಗೆರೆ ಎಳೆದು ಕತ್ತರಿ ಹಾಕಿದಳು. ಮಗಳು ಬರೆದಿದ್ದ ಗೆರೆಗಿಂತ ಆಚೆಗೆ ಹಾಕಿದ್ದನ್ನು ಪುಟ್ಟಿ ನೋಡಿ ಆಕ್ಷೇಪಿಸಿದಳು. "ಹೊಲಿಗೆ ನಿನ್ನ ಗೆರೆ ಮೇಲೇ ಬರತ್ತೆ, ಒಳಗಡೆ ಒಂದಿಷ್ಟು ಬಟ್ಟೆ ಇರ್ಲಿ ಬಿಡು" ಎಂದಳು. ನನ್ನ ಮನೆಯ ಹಳೆಯ ಕಾಲು ಮಿಷನ್ನಿನಲ್ಲಿ ಎರಡು ಮಧ್ಯಾಹ್ನ ಕೂತು ಹೊಲಿದು, ಹುಕ್ಕಿನ ಪಟ್ಟಿ, ಕತ್ತಿನ ಅಂಚನ್ನೆಲ್ಲ ಕೈಯಲ್ಲೇ ಹೆಮ್ಮಿಂಗ್ ಮಾಡಿದಳು. ಹೊರಗಡೆ ಒಂದು ಹೊಲಿಗೆ ಕಾಣಿಸುತ್ತಿರಲಿಲ್ಲ.

ಹನ್ನೊಂದನೆಯ ದಿನ ಟೈಲರಮ್ಮನ ರವಿಕೆಯೂ ಬಂತು. ಮೂವರೂ ಬಾಗಿಲು ಹಾಕಿಕೊಂಡು ಪರೀಕ್ಷೆಗೆ ಕೂತೆವು.

ಮೊದಲು ಕಂಪ್ಯೂಟರಿನದು. ಕನ್ನಡಿಯೆದುರು ಕೈ ಇಳಿಬಿಟ್ಟು ನಿಂತಾಗ ಪರದೆಯಲ್ಲಿ ಕಂಡಂತೆಯೇ ಇತ್ತು, ಮುಖ ಬಿಟ್ಟರೆ. ಪುಟ್ಟಿ ಚಪ್ಪಾಳೆ ತಟ್ಟಿದಳು. ಎರಡು ನಿಮಿಷದಲ್ಲಿ ಬಲಭುಜ ಮೆಲ್ಲಗೆ ಜಾರತೊಡಗಿತು. ಮೇಲೆಳೆದೆ, ಮತ್ತೆ ಜಾರಿತು. ಕರಿಹಲಗೆಯ ಮೇಲೆ ಬರೆಯುವಂತೆ ಕೈ ಎತ್ತಿದೆ. ಕಂಕುಳು ಕಚ್ಚಿತು, ಇಡೀ ರವಿಕೆ ಎರಡು ಬೆರಳು ಮೇಲಕ್ಕೆ ಬಂತು, ತೋಳಿನ ಜರಿ ಅಂಚು ಬಾಗದೆ ತಗಡಿನ ಬಳೆಯಂತೆ ನಿಂತು ಒತ್ತಿತು. ಪರದೆಯ ಮೇಲಿನ ಅಂಚು ಬರೀ ಚಿತ್ರ; ಅದಕ್ಕೆ ಜರಿಯ ಬಿಗುವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪುಟ್ಟಿಯ ಮುಖ ಬಾಡಿತು.

ಆಮೇಲೆ ಟೈಲರಮ್ಮನದು. ಅದನ್ನು ತೊಟ್ಟದ್ದೇ ನನಗೆ ಗೊತ್ತಾಗಲಿಲ್ಲ. ರವಿಕೆಗೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ.

ತಂಗಿ ಮಾತಾಡದೆ ಎರಡು ರವಿಕೆಗಳನ್ನೂ ನೆಲದ ಮೇಲೆ ಒಂದರ ಮೇಲೊಂದು ಹಾಸಿದಳು. ಟೈಲರಮ್ಮನದನ್ನು ನಡುವೆ ಮಡಿಸಿ ಎಡಕ್ಕೆ ಬಲ ಹೊಂದಿಸಿ ನೋಡಿದಳು. ಹೊಂದಲಿಲ್ಲ. ಬಲಭುಜ ಎಡಕ್ಕಿಂತ ಅರ್ಧ ಇಂಚು ಇಳಿದಿತ್ತು. "ಇದು ತಪ್ಪಲ್ಲಕ್ಕ, ಬೇಕಂತಲೇ ಮಾಡಿರೋದು. ಬಾ, ಅವರನ್ನೇ ಕೇಳೋಣ" ಎಂದಳು.

ಟೈಲರಮ್ಮ ಮೊದಲು ಹೇಳಲು ಹಿಂಜರಿದರು. ಆಮೇಲೆ, "ನಿಮ್ಮ ಬಲಗಡೆ ಭುಜ ಇಳಿದಿದೆ ಮಿಸ್ಸು. ನೀವು ಮೊದಲ್ನೇ ಸಲ ಬಾಗಿಲಲ್ಲಿ ನಿಂತಾಗಲೇ ನೋಡ್ದೆ. ಚೀಲ ಹಾಕಿ ಹಾಕಿ ಹಂಗಾಗಿರತ್ತೆ. ಹೇಳಿದ್ರೆ ಬೇಜಾರು ಮಾಡ್ಕೋತೀರೇನೋ ಅಂತ ಹೇಳಲಿಲ್ಲ" ಎಂದರು.

ಮೂವತ್ತು ವರ್ಷ ಮಕ್ಕಳ ನೋಟ್‌ಪುಸ್ತಕ ತುಂಬಿದ ಚೀಲವನ್ನು ನಾನು ಬಲಭುಜಕ್ಕೇ ಹಾಕಿದ್ದು ನಿಜ. ಅದು ನನ್ನ ಮೈಯನ್ನು ಹೀಗೆ ತಿದ್ದಿದೆಯೆಂದು ಕನ್ನಡಿಗೂ ತಿಳಿದಿರಲಿಲ್ಲ, ನನ್ನ ಮನೆಯವರಿಗೂ ತಿಳಿದಿರಲಿಲ್ಲ.

"ಅಳತೆ ರವಿಕೇಲಿ ಹಂಗಿರಲಿಲ್ಲವಲ್ಲ?" ಎಂದೆ.

ಟೈಲರಮ್ಮ ನಕ್ಕುಬಿಟ್ಟರು. "ಅದನ್ನ ಯಾರು ನೋಡ್ತಾರೆ ಮಿಸ್ಸು? ಅದು ನೀವು ಸಣ್ಣಗಿದ್ದಾಗಿನದು. ನೀವು ತರ್ತೀರಲ್ಲ ಅಂತ ಇಸ್ಕೋತೀನಿ ಅಷ್ಟೆ."

ಹನ್ನೆರಡು ವರ್ಷದ ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು. ತಂಗಿ ಆ ನೀಲಿ ರವಿಕೆಯನ್ನು ಕೈಗೆತ್ತಿಕೊಂಡು ಒಳಗೆ ತಿರುಗಿಸಿ ನೋಡಿದಳು. ಅವಳಿಗೆ ತನ್ನ ಹೊಲಿಗೆಯ ಗುರುತು ಸಿಕ್ಕಿತು. "ಇದನ್ನ ಇನ್ನೂ ಇಟ್ಟಿದ್ದೀಯಾ? ನೋಡು, ಎಡದ ತೋಳು ಬಲಕ್ಕೆ ಹಾಕ್ಬಿಟ್ಟಿದ್ದೀನಿ. ನೀನು ಹೇಳಲೇ ಇಲ್ವಲ್ಲ!" ಎಂದಳು. ಅದು ತಪ್ಪೆಂದು ನನಗೆ ಗೊತ್ತಿದ್ದರಲ್ಲವೆ ಹೇಳುವುದು? ಹೊಸ ರವಿಕೆ ಅಂದರೆ ಸ್ವಲ್ಪ ಎಳೆಯುತ್ತದೆ ಎಂದುಕೊಂಡು ಪಾವಗಡದ ಬಿಸಿಲಲ್ಲಿ ಎರಡು ವರ್ಷ ಅದನ್ನು ತೊಟ್ಟಿದ್ದೆ.

ಸೋತದ್ದು ಕಂಪ್ಯೂಟರ್ ಎಂದು ಇಲ್ಲಿಗೇ ನಿಲ್ಲಿಸಿದರೆ ನನ್ನ ವಯಸ್ಸಿನ ಓದುಗರಿಗೆ ಸಂತೋಷವಾದೀತು. ಆದರೆ ಅದು ನ್ಯಾಯವಲ್ಲ. ಪುಟ್ಟಿ ಆ ಸಂಜೆ ಮತ್ತೆ ಕೂತಳು. ಪರದೆಯ ಹುಡುಗಿಯ ಬಲಭುಜ ಅರ್ಧ ಇಂಚು ಇಳಿಸಿದಳು. ಜರಿ ಅಂಚನ್ನು ಚಿತ್ರವಾಗಿ ಬಿಡದೆ ಬೇರೆ ತುಂಡು ಮಾಡಿ ಗಡಸು ಬಟ್ಟೆಯ ಅಂಕಿ ಕೊಟ್ಟಳು. ಆಮೇಲೆ ಆ ಹುಡುಗಿಯ ಕೈಯನ್ನು ಕರಿಹಲಗೆಗೆ ಎತ್ತಿಸಿದಳು. ಬಟ್ಟೆ ಬಿಗಿದ ಕಡೆ ಕೆಂಪು, ಸಡಿಲವಿರುವ ಕಡೆ ನೀಲಿ ತೋರಿಸುವ ಒಂದು ವ್ಯವಸ್ಥೆ ಅದರಲ್ಲಿದೆ. ನನಗೆ ಕಚ್ಚಿದ ಜಾಗದಲ್ಲೇ, ಕಂಕುಳ ಹಿಂದೆ, ಕೆಂಡದಂತೆ ಕೆಂಪು ಮೂಡಿತು. "ನೋಡಿ ದೊಡ್ಡಮ್ಮ, ಇದಕ್ಕೆ ಗೊತ್ತಿತ್ತು. ನಾನೇ ಕೇಳಿರಲಿಲ್ಲ" ಎಂದಳು. ಪಾಪ, ನಾನೂ ಉಸಿರು ಪೂರ್ತಿ ಬಿಟ್ಟಿರಲಿಲ್ಲವಲ್ಲ.

ತಂಗಿ ತಾನು ಹೊಲಿದ ರವಿಕೆಯನ್ನು ತೊಡೆಯ ಮೇಲೆ ಹಾಕಿಕೊಂಡು ಬಿಚ್ಚತೊಡಗಿದಳು. ಒಳಗೆ ಬಿಟ್ಟಿದ್ದ ಬಟ್ಟೆ ಈಗ ಕೆಲಸಕ್ಕೆ ಬಂತು. ಕಂಕುಳ ಕೆಳಗೆ ಸಡಿಲ ಮಾಡಿದಳು, ಬಲಭುಜದಲ್ಲಿ ಒಳಗೆ ಹಿಡಿದಳು. ಬಿಚ್ಚಿದ ಕಡೆ ರೇಷ್ಮೆಯ ಮೇಲೆ ಸೂಜಿಯ ತೂತುಗಳು ಸಾಲಾಗಿ ಕಾಣುತ್ತಿದ್ದವು. ಪುಟ್ಟಿ ಅದರ ಮೇಲೆ ಉಗುರಾಡಿಸಿದಳು. "ಅದು ಹೋಗಲ್ಲ ಕಣೆ" ಎಂದಳು ತಾಯಿ. "ನಿನ್ನ ಕಂಪ್ಯೂಟರಲ್ಲಿ ಬಿಚ್ಚಿದ್ರೆ ಗುರುತು ಇರಲ್ಲ. ಇಲ್ಲಿ ಇರತ್ತೆ. ಅದಕ್ಕೇ ಕಂಕುಳಲ್ಲಿ ಬಿಚ್ಚಿದ್ದು, ಯಾರಿಗೂ ಕಾಣಲ್ಲ."

ಆ ರಾತ್ರಿ ಸೆಖೆಗೆ ಮಹಡಿಯ ಮೇಲೆ ಹಾಸಿಕೊಂಡು ಮಲಗಿದ್ದೆವು. ಎದುರಿಗೆ ಮಧುಗಿರಿಯ ಏಕಶಿಲಾ ಬೆಟ್ಟ ಕಪ್ಪಾಗಿ ಕೂತಿತ್ತು. ತಂಗಿ ಸುಮ್ಮನೆ ಹೇಳುವಂತೆ ಹೇಳಿದಳು: "ನಮ್ಮಲ್ಲೂ ಈಗ ತ್ರೀಡಿ ಬಂದಿದೆಯಕ್ಕ. 2020ರಲ್ಲಿ ಲಾಕ್‌ಡೌನಲ್ಲಿ ಕೊರಿಯರ್ ಹೋಗದೆ ಇದ್ದಾಗ ಶುರುವಾಯ್ತು, ನಿಲ್ಲಲೇ ಇಲ್ಲ. ಮೊದಲು ಒಂದು ಷರ್ಟಿಗೆ ನಾಲ್ಕೈದು ಸಲ ಹೊಲಿಸ್ತಿದ್ರು. ಈಗ ಪರದೆ ಮೇಲೇ ನೋಡಿ ಒಪ್ಕೊಂಡು, ಕೊನೇದು ಒಂದೋ ಎರಡೋ ಹೊಲಿಸ್ತಾರೆ. ಹತ್ತು ಮೇಜಿದ್ವು, ನಾಲ್ಕಾಗಿವೆ. ಉಳಿದವರನ್ನ ವಾಪಸ್ ಲೈನಿಗೆ ಹಾಕಿದ್ರು."

ಲೈನ್ ಎಂದರೆ ಮತ್ತೆ ಬರೀ ತೋಳು. ಐವತ್ತರ ಹೆಂಗಸು, ಇಡೀ ಅಂಗಿಯ ತಾಯಿಯನ್ನು ಹಡೆದವಳು, ಗಂಟೆಗೆ ಇಷ್ಟು ತೋಳು ಎಂಬ ಲೆಕ್ಕಕ್ಕೆ ಮರಳುವುದು.

ಪುಟ್ಟಿ ಎದ್ದು ಕೂತಳು. "ನನಗೆ ಹೇಳಲೇ ಇಲ್ಲ ನೀನು."

"ಏನಂತ ಹೇಳ್ಲಿ? ನಿನ್ನ ಕೆಲಸ ಬಿಡು ಅಂತಾನಾ?"

"ನಾನು ಮಾಡದೆ ಇದ್ರೆ ಇನ್ಯಾರೋ ಮಾಡ್ತಾರೆ ಕಣಮ್ಮ. ಒಂದು ಸ್ಯಾಂಪಲ್‌ಗೆ ಎಷ್ಟು ಬಟ್ಟೆ, ಎಷ್ಟು ಬಣ್ಣ, ಎಷ್ಟು ಸಲ ವಿಮಾನ... ಎಲ್ಲ ಕೊನೆಗೆ ಕಸ."

"ಕಸಾನೇ ಇರಬಹುದು. ಆ ಕಸದಲ್ಲೇ ನಿನ್ನ ಫೀಸು ಕಟ್ಟಿದ್ದು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. "ಅಕ್ಕ, ನೀನೇ ಹೇಳು." "ದೊಡ್ಡಮ್ಮ, ನೀವು ಹೇಳಿ."

ಮೂವತ್ತು ವರ್ಷ ಉತ್ತರಪತ್ರಿಕೆಗೆ ಅಂಕ ಕೊಟ್ಟವಳು ನಾನು. ಕೈಗಾರಿಕಾ ಕ್ರಾಂತಿಯ ಪಾಠ ಮಾಡುವಾಗಲೆಲ್ಲ ತಿಮೋನಿಯೆ ಎಂಬ ಫ್ರೆಂಚ್ ದರ್ಜಿಯ ಕಥೆ ಹೇಳುತ್ತೇನೆ. 1830ರಲ್ಲಿ ಹೊಲಿಗೆ ಯಂತ್ರಕ್ಕೆ ಪೇಟೆಂಟ್ ಪಡೆದವನು. ಅನ್ನ ಹೋದೀತೆ ಎಂದು ಹೆದರಿದ ಪ್ಯಾರಿಸ್ಸಿನ ದರ್ಜಿಗಳು ಅವನ ಯಂತ್ರಗಳನ್ನು ಒಡೆದುಹಾಕಿದರು. ಮಕ್ಕಳು ನಗುತ್ತಾರೆ, ನಾನೂ ನಗುತ್ತಿದ್ದೆ. ಆ ರಾತ್ರಿ ಅದನ್ನೇ ಹೇಳಹೊರಟು ಅರ್ಧಕ್ಕೆ ನಿಲ್ಲಿಸಿದೆ. ತಂಗಿಯೇ ಮುಗಿಸಿದಳು. "ಗೊತ್ತು ಬಿಡಕ್ಕ, ಆ ಮಿಷನ್ನೇ ನನಗೆ ಅನ್ನ ಹಾಕಿದ್ದು. ನಾನು ಒಡೀರಿ ಅಂತಿಲ್ಲ. ಕೈ ಕಲಿತದ್ದನ್ನ ಏನು ಮಾಡ್ಲಿ ಅಂತ ಕೇಳ್ತಿದ್ದೀನಿ ಅಷ್ಟೆ."

ನನ್ನಲ್ಲಿ ಉತ್ತರವಿರಲಿಲ್ಲ. ಒಬ್ಬಳನ್ನು ಓದಿಸಬಹುದು ಎಂದು ಅಪ್ಪ ಹೇಳಿದ ದಿನವೂ ನಾನು ಹೀಗೆಯೇ ಸುಮ್ಮನಿದ್ದೆ. ತನ್ನ ಸೀರೆಯ ಕಣವನ್ನೂ ಅವಳು ನನಗೇ ಬಿಟ್ಟುಕೊಟ್ಟಿದ್ದಾಳೆಂಬುದು ಹೊಳೆದದ್ದು ಆಗ, ಆ ಕತ್ತಲಲ್ಲಿ. ಕೇಳಿದರೆ, "ನನಗೇನು, ಯಾವುದಾದರೂ ಹಳೇದು ಹಾಕ್ಕೋತೀನಿ" ಎಂದಳು.

ಮಾರನೆಯ ದಿನವೇ ಬಸ್ಸು ಹಿಡಿದು ಹೊಸಕೋಟೆಗೆ ಹೋದೆ. ಅದೇ ಮೆಂತ್ಯದ ಬಣ್ಣ ಸಿಗಲಿಲ್ಲ. ಒಂದು ಸಲ ಕಾಸಿದ ಬಣ್ಣ ಮತ್ತೊಂದು ಸಲ ಹಾಗೇ ಬರುವುದಿಲ್ಲವಂತೆ. ಕುಂಕುಮದ ಬಣ್ಣದ ಕಣ ತಂದೆ. ಅದನ್ನು ಟೈಲರಮ್ಮ ಗಡುವು ಹೇಳದೆ ನಾಲ್ಕೇ ದಿನದಲ್ಲಿ ಹೊಲಿದುಕೊಟ್ಟರು. ಮದುವೆಯಲ್ಲಿ ಎಲ್ಲರೂ ನೋಡಿದ್ದು ಅವಳ ರವಿಕೆಯನ್ನೇ. ಮೈಗೆ ಬೇರೆ ಬಣ್ಣದ ರವಿಕೆ ಈಗಿನ ಫ್ಯಾಷನ್ನು ಎಂದು ಪುಟ್ಟಿ ಎಲ್ಲರಿಗೂ ಹೇಳಿಕೊಂಡು ತಿರುಗಿದಳು. ನಾನು ಮುಹೂರ್ತಕ್ಕೆ ಟೈಲರಮ್ಮನದನ್ನು, ಆರತಕ್ಷತೆಗೆ ತಾಯಿ ಮಗಳು ಸೇರಿ ಹೊಲಿದದ್ದನ್ನು ತೊಟ್ಟೆ. ಎರಡೂ ಜಾರಲಿಲ್ಲ.

ತಂಗಿ ಇನ್ನೂ ಆ ನಾಲ್ಕು ಮೇಜಿನಲ್ಲಿ ಒಂದರ ಮುಂದೆ ಕೂರುತ್ತಿದ್ದಾಳೆ. ಎಷ್ಟು ದಿನವೋ ಅವಳಿಗೂ ತಿಳಿಯದು. ಪುಟ್ಟಿ ಮಾತ್ರ ಈಗ ಪರದೆಯ ಮೇಲೆ ಏನಾದರೂ ಹೊಲಿದರೆ ರಾತ್ರಿ ಊಟದ ಹೊತ್ತಿಗೆ ತಾಯಿಗೆ ತೋರಿಸುತ್ತಾಳಂತೆ. ಇವಳು ತಟ್ಟೆಯಿಂದ ತಲೆಯೆತ್ತಿ, "ಕೂತ್ಕೊಂಡ್ರೆ ಇದು ಎಳೆಯತ್ತೆ", "ಈ ಬಟ್ಟೆ ಈ ಕಾಲರ್ ನಿಲ್ಸಲ್ಲ" ಎನ್ನುತ್ತಾಳೆ. ಅವಳು ಬರೆದುಕೊಳ್ಳುತ್ತಾಳೆ. ಈ ಪಾಠಕ್ಕೆ ಯಾವ ಕಂಪನಿಯೂ ಸಂಬಳ ಕೊಡುವುದಿಲ್ಲ. ಕೊಡಬೇಕೆಂದು ಕೇಳುತ್ತೇನೆ ಎಂದು ಪುಟ್ಟಿ ಹೇಳಿದ್ದಾಳೆ. ಕೇಳಲಿ. ನಾನು ಕೇಳದೆ ಬಿಟ್ಟದ್ದೇ ಸಾಕು.

ಶಾಲೆ ತೆರೆದ ಮೇಲೆ ಚೀಲವನ್ನು ಎಡಭುಜಕ್ಕೆ ಬದಲಿಸಿದ್ದೇನೆ. ಹಳೆಯ ನೀಲಿ ರವಿಕೆಯನ್ನು ಮಡಿಸಿ ಸೀರೆಗಳ ಕೆಳಗಿಟ್ಟು, ತಾಯಿ ಮಗಳ ರವಿಕೆಯನ್ನು ಹೊಸ ಅಳತೆಯೆಂದು ಟೈಲರಮ್ಮನಿಗೆ ಕೊಟ್ಟು ಬಂದೆ. ಅವರು ವಿನಯದಿಂದ ಇಸ್ಕೊಂಡು ಮೊಳೆಗೆ ತೂಗುಹಾಕಿದರು. ಆಮೇಲೆ ನನ್ನನ್ನು ಅಡಿಯಿಂದ ಮುಡಿವರೆಗೆ ಒಮ್ಮೆ ನೋಡಿ, "ಎಡಗಡೆ ಹಾಕಿದ್ದೀರಾ ಮಿಸ್ಸು? ಸರಿ, ಇನ್ನೊಂದು ವರ್ಷ ಬಿಟ್ಟು ನೋಡೋಣ" ಎಂದರು.